ಸರದಿಯೂ ನೀರೂ

ಹದಿಹರೆಯದವರಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸಿ, 'ನಿಮ್ಮ ಸುತ್ತಲಿನ ಒಂದು ಕಷ್ಟಕ್ಕೆ ಪರಿಹಾರ ಮಾಡಿ ತೋರಿಸಿ' ಎನ್ನುವ ಸ್ಪರ್ಧೆಗಳು ಈಗ ಹಲವು ದೇಶಗಳಲ್ಲಿ ನಡೆಯುತ್ತಿವೆ. ಹೆಣ್ಣುಮಕ್ಕಳಿಗೆಂದೇ 2010ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಟೆಕ್ನೊವೇಷನ್' ಅವುಗಳಲ್ಲಿ ಹೆಸರಾದದ್ದು. ಇಂಥ ಕೆಲಸದಲ್ಲಿ ಮಕ್ಕಳ ಪಾಲು ಎಷ್ಟು, ಹಿರಿಯರ ಪಾಲು ಎಷ್ಟು ಎಂಬುದು ಯೋಚಿಸಬೇಕಾದ ವಿಷಯ.

ಮುಂಬಯಿಯ ಧಾರಾವಿಯ ಹುಡುಗಿಯರು 2015ರ ಸುಮಾರಿಗೆ 'ಪಾನಿ' ಎಂಬ ಆ್ಯಪನ್ನು ಮಾಡಿದರು. ಅಲ್ಲಿ ಹಲವು ಮನೆಗಳಿಗೆ ಒಂದೇ ನಲ್ಲಿ. ನೀರು ಬರುವುದೂ ಸ್ವಲ್ಪ ಹೊತ್ತು. ಕೊಡ ಹಿಡಿದು ಸಾಲಿನಲ್ಲಿ ಕಾಯುವ ಕೆಲಸ ಹೆಚ್ಚಾಗಿ ಹೆಂಗಸರದು, ಹುಡುಗಿಯರದು. ಯಾರ ಸರದಿ ಬಂತೆಂದು ಮೊಬೈಲಿಗೆ ತಿಳಿಸುವುದು ಆ ಆ್ಯಪಿನ ಉದ್ದೇಶ.

ಇದು ಸಣ್ಣ ಕೆಲಸವೆ? ಅಲ್ಲ. ಸಾಲಿನಲ್ಲಿ ಉಳಿದ ಒಂದು ಗಂಟೆ ಹುಡುಗಿಗೆ ಪುಸ್ತಕದ ಮುಂದೆ ಸಿಕ್ಕ ಒಂದು ಗಂಟೆ. ಅದಕ್ಕಿಂತ ಹೆಚ್ಚಿನ ಲಾಭವೂ ಒಂದುಂಟು. ಯಂತ್ರಕ್ಕೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿದರೆ ಆಗದು. ಮೊದಲು ಯಾರಿಗೆ? ಬಸುರಿಗೆ ರಿಯಾಯಿತಿಯೆ? ಮೊಬೈಲಿಲ್ಲದ ಮುದುಕಿಯ ಗತಿಯೇನು? ಇಂಥ ಆ್ಯಪನ್ನು ಬರೆಯಲು ಕುಳಿತವರು ಇವಕ್ಕೆಲ್ಲ ಸ್ಪಷ್ಟವಾದ ಉತ್ತರ ಕೊಡಲೇಬೇಕು. ನ್ಯಾಯವೆಂದರೇನು ಎಂಬುದನ್ನು ನೀತಿಪಾಠಕ್ಕಿಂತ ಚೆನ್ನಾಗಿ ಇದು ಕಲಿಸೀತು.

ಆದರೆ ಯಾವ ಆ್ಯಪೂ ನಲ್ಲಿಯಲ್ಲಿ ಒಂದು ಕೊಡ ನೀರನ್ನು ಹೆಚ್ಚಿಸಲಾರದು. ಕೊರತೆಗೆ ಒಂದು ಕ್ರಮ ಬಂದರೂ ಕೊರತೆ ಹಾಗೆಯೇ ಉಳಿಯುತ್ತದೆ. ಹೊಸ ಕೊಳವೆ ಹಾಕಿಸಲು ಹಣ ಬೇಕು, ಅಧಿಕಾರ ಬೇಕು. ಈ ಹುಡುಗಿಯರಿಗೆ ಆಗ ಇನ್ನೂ ಮತವೂ ಇರಲಿಲ್ಲ. ಅವೆಲ್ಲ ಇರುವ ಹಿರಿಯರು ಸಭೆಯಲ್ಲಿ ಚಪ್ಪಾಳೆ ತಟ್ಟಿ, ಬಹುಮಾನ ಹಂಚಿ, ತಮ್ಮ ಋಣ ತೀರಿತೆಂದು ಮನೆಗೆ ಹೋದರೆ ಅದು ನ್ಯಾಯವೆ?

'ಸರದಿ ಯಾರದು?' ಎಂದು ಕೇಳಿದ ಮಗು 'ನೀರೇಕೆ ಇಷ್ಟು ಕಡಿಮೆ?' ಎಂದೂ ಕೇಳುವಂತಾಗಬೇಕು. ಅಲ್ಲಿಗೆ ಹೋಗದೆ ನಿಂತ ಕಲಿಕೆ, ಅನ್ಯಾಯದೊಡನೆ ಜಾಣತನದಿಂದ ಹೊಂದಿಕೊಳ್ಳುವುದನ್ನಷ್ಟೆ ಕಲಿಸುತ್ತದೆ. ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಾತ್ರ ಮಕ್ಕಳಲ್ಲ. ತೀರ್ಪುಗಾರರ ಸಾಲಿನಲ್ಲಿ ಕುಳಿತ ನಾವು.