ಮೀಸೆ ಮಣ್ಣಾದರೆ ಆಗಲಿ ಬಿಡಿ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ಕರಾಟೆ ಕ್ಲಾಸಿನ ಬೋರ್ಡು ಕಾಣುತ್ತೆ. ಗಾಳಿಯಲ್ಲಿ ಕಾಲೆತ್ತಿದ ಒಬ್ಬ ಹುಡುಗ, ಅವನ ಕೆಳಗೆ ಮೂರು ಪದ: ಶಿಸ್ತು, ಆತ್ಮವಿಶ್ವಾಸ, ಚಾರಿತ್ರ್ಯ. ಮೊದಲೆರಡರ ಬಗ್ಗೆ ನನ್ನ ತಕರಾರಿಲ್ಲ. ದಿನಾ ಬೆಳಗಿನ ಜಾವ ಎಬ್ಬಿಸಿ ಓಡಿಸಿದರೆ ಒಂದಿಷ್ಟು ಶಿಸ್ತು ಬರುತ್ತೆ, ಮೈ ಗಟ್ಟಿಯಾದರೆ ಧೈರ್ಯವೂ ಬರುತ್ತೆ. ನನ್ನ ಅನುಮಾನ ಇರೋದು ಮೂರನೇ ಪದದ ಮೇಲೆ. ಇನ್ನೊಬ್ಬರನ್ನು ಹೊಡೆದು ಬೀಳಿಸೋದನ್ನ ಕಲಿಸಿದರೆ ಮನುಷ್ಯ ಒಳ್ಳೆಯವನಾಗ್ತಾನೆ ಅನ್ನೋದು ಯಾವ ಲೆಕ್ಕ? ಗರಡಿಯಲ್ಲಿ ಸಾಮು ಮಾಡಿದ ಮೈಯನ್ನೇ ಬಂಡವಾಳ ಮಾಡಿಕೊಂಡು ರೌಡಿಗಳಾದವರ ಕತೆಗಳು ಇದೇ ಊರಲ್ಲಿ ಬೇಕಾದಷ್ಟಿವೆಯಲ್ಲ?

ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ತಗೊಂಡ ಒಬ್ಬ ಮೇಷ್ಟ್ರು ಜಪಾನಿನಲ್ಲಿದ್ದರು. ಹೆಸರು ಜಿಗೊರೊ ಕಾನೊ, ಹುಟ್ಟಿದ್ದು 1860ರಲ್ಲಿ. ಕುಳ್ಳಗಿನ ಸಣಕಲು ದೇಹ. ಹುಡುಗನಾಗಿದ್ದಾಗ ದಾಂಡಿಗರ ಕಾಟ ತಡೆಯಲಾರದೆ ಜುಜುತ್ಸು ಕಲಿಯಲು ಹೊರಟರು. ಆ ಕಾಲಕ್ಕೆ ಜುಜುತ್ಸುವಿನ ಹೆಸರು ಕೆಟ್ಟಿತ್ತು. ಸಮುರಾಯ್‌ಗಳ ಕಾಲ ಮುಗಿದು, ಅದು ಒರಟರ ವಿದ್ಯೆ ಅನ್ನಿಸಿಕೊಂಡಿತ್ತು. 1882ರಲ್ಲಿ ಕಾನೊ ಟೋಕಿಯೋದ ಐಶೋಜಿ ಅನ್ನೋ ದೇವಾಲಯದಲ್ಲಿ ಹನ್ನೆರಡು ಚಾಪೆ ಹಾಕುವಷ್ಟು ಜಾಗದಲ್ಲಿ ತಮ್ಮದೇ ಶಾಲೆ ತೆರೆದರು. ಅದೇ ಕೊಡೊಕಾನ್. ವಿದ್ಯೆಗೆ ಜೂಡೋ ಅಂತ ಹೆಸರಿಟ್ಟರು. 'ಜುತ್ಸು' ಅಂದರೆ ಕೌಶಲ, 'ಡೊ' ಅಂದರೆ ದಾರಿ. ಕೌಶಲ ಕೈಯಲ್ಲಿರುತ್ತೆ, ದಾರಿಯಲ್ಲಿ ಇಡೀ ಮನುಷ್ಯ ನಡೀಬೇಕು.

ಹೆಸರು ಬದಲಾಯಿಸಿದ್ದರಿಂದಲೇ ಏನೂ ಆಗಲ್ಲ ಅನ್ನಿ. ನನಗೆ ಮುಖ್ಯ ಅನ್ನಿಸೋದು ಅವರು ಅಭ್ಯಾಸದೊಳಗೆ ಇಟ್ಟ ಎರಡು ಸಣ್ಣ ಸಂಗತಿಗಳು.

ಮೊದಲನೆಯದು, ಬೀಳೋದು. ಜೂಡೋ ಕಲಿಯಲು ಬಂದವನಿಗೆ ಮೊದಲ ಪಾಠ ಎದುರಾಳಿಯನ್ನು ಎತ್ತಿ ಹಾಕೋದಲ್ಲ, ತಾನು ಬೀಳೋದು. ಗಲ್ಲ ಎದೆಗೆ ಒತ್ತಿಕೊಂಡು, ತಲೆ ನೆಲಕ್ಕೆ ಬಡಿಯದ ಹಾಗೆ, ಕೈಯನ್ನು ಚಾಪೆಗೆ ಬಡಿದು ಬೀಳೋದು. ಇದಕ್ಕೆ ಉಕೆಮಿ ಅಂತಾರೆ. ನೂರಾರು ಸಲ ಬಿದ್ದ ಮೇಲೆ ಬೀಳೋದು ಅವಮಾನ ಅನ್ನಿಸಲ್ಲ. ನಮ್ಮ ಕಡೆ ಒಂದು ಗಾದೆ ಇದೆಯಲ್ಲ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ. ಬೆನ್ನು ಪೂರ್ತಿ ನೆಲಕ್ಕೆ ತಾಗಿದೆ, ಊರೆಲ್ಲಾ ನೋಡಿದೆ, ಆದರೂ ಅವನಿಗೆ ಒಪ್ಪಿಕೊಳ್ಳೋಕೆ ಆಗ್ತಿಲ್ಲ. ಬೀಳೋದನ್ನೇ ಮೊದಲು ಕಲಿಸೋ ಮೇಷ್ಟ್ರು ಈ ಮೀಸೆಗೆ ಕೈ ಹಾಕ್ತಾರೆ. ನನ್ನ ಮಟ್ಟಿಗೆ ಚಾರಿತ್ರ್ಯದ ಅರ್ಧ ಭಾಗ ಇಲ್ಲೇ ಇದೆ: ಸೋತಾಗ ಸೋತೆ ಅನ್ನೋದು.

ಎರಡನೆಯದು, ತೋಳು. ಜೂಡೋದಲ್ಲಿ ಎದುರಾಳಿಯನ್ನು ಎತ್ತಿ ಹಾಕುವವನು ಅವನ ಅಂಗಿಯ ತೋಳನ್ನು ಕೊನೆಯ ಕ್ಷಣದವರೆಗೂ ಬಿಡಬಾರದು. ಬೀಳುವಾಗ ಅದನ್ನು ಸ್ವಲ್ಪ ಮೇಲಕ್ಕೆ ಎಳೆದು ಹಿಡಿದರೆ ಕೆಳಗಿನವನು ಮಗ್ಗುಲಾಗಿ ಬೀಳ್ತಾನೆ, ತಲೆಗೆ ಪೆಟ್ಟಾಗಲ್ಲ. ಅಂದರೆ ಯಾರನ್ನು ಸೋಲಿಸ್ತಿದ್ದೀಯೋ ಅವನ ಪ್ರಾಣದ ಜವಾಬ್ದಾರಿಯೂ ನಿನ್ನದೇ. ಕಾನೊ ಆಮೇಲೆ ಸಾರಿದ ಎರಡು ತತ್ತ್ವಗಳಲ್ಲಿ ಒಂದು ಶಕ್ತಿಯ ಸದ್ಬಳಕೆ, ಇನ್ನೊಂದು ತಾನೂ ಇತರರೂ ಜೊತೆಯಲ್ಲಿ ಏಳಿಗೆಯಾಗೋದು. ಕೇಳೋಕೆ ಭಾಷಣದ ಹಾಗಿದೆ. ಆದರೆ ಚಾಪೆಯ ಮೇಲೆ ಅದರ ಅರ್ಥ ಇಷ್ಟೇ: ತೋಳು ಬಿಡಬೇಡ. ಇವತ್ತು ನೀನು ಅವನ ಮೂಳೆ ಮುರಿದರೆ ನಾಳೆ ಅಭ್ಯಾಸಕ್ಕೆ ಜೊತೆಗಾರನೇ ಇರಲ್ಲ.

ಇದು ಜಪಾನಿನ ವಿಶೇಷ ಅಂತ ಅಂದುಕೊಳ್ಳಬೇಕಿಲ್ಲ. ನಮ್ಮೂರ ಗರಡಿಮನೆಯ ಬಾಗಿಲು ಗಿಡ್ಡ, ಎಂಥಾ ಪೈಲ್ವಾನನಾದರೂ ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಹನುಮಂತನ ಪಟ, ಕೆಮ್ಮಣ್ಣಿನ ಮಟ್ಟಿ. ಅಲ್ಲಿನ ಉಸ್ತಾದರು ಗೆದ್ದು ಕುಣಿಯೋ ಹುಡುಗರಿಗೆ, "ಬಿದ್ದೋನ್ನ ಮೊದ್ಲು ಕೈ ಕೊಟ್ಟು ಎಬ್ಸೋ, ಆಮೇಲೆ ಮೀಸೆ ತಿರುವ್ಕೊಳ್ಳೀವಂತೆ" ಅಂತ ಗದರೋರು. ಕಾನೊ ಅವರ ಹೆಸರನ್ನೂ ಕೇಳಿರದ ಮನುಷ್ಯ ಅವರು. ಮೈಸೂರು ದಸರಾದಲ್ಲಿ ಅರಮನೆಯಂಗಳದಲ್ಲಿ ನಡೆಯೋ ವಜ್ರಮುಷ್ಟಿ ಕಾಳಗ ನೋಡಿ. ಮುಷ್ಟಿಗೆ ಆಯುಧ ಕಟ್ಟಿಕೊಂಡು ನಡೆಯೋ ಕಾಳಗ, ಆದರೂ ಮೊದಲ ರಕ್ತ ಚಿಮ್ಮುತ್ತಿದ್ದ ಹಾಗೆ ನಿಲ್ಲಿಸಿಬಿಡ್ತಾರೆ. ಎಲ್ಲಿ ನಿಲ್ಲಬೇಕು ಅನ್ನೋದು ಆ ವಿದ್ಯೆಯ ಒಳಗೇ ಇದೆ.

ಹಾಗಾದರೆ ನನ್ನ ಅನುಮಾನ ತೀರಿತಾ? ಇಲ್ಲ. ಕಾನೊ ಅವರ ದೇಶದಲ್ಲೇ, 1983ರಿಂದೀಚೆಗಿನ ಸುಮಾರು ಮೂರು ದಶಕಗಳಲ್ಲಿ, ಶಾಲೆಗಳ ಜೂಡೋ ಅಭ್ಯಾಸದಲ್ಲಿ 100ಕ್ಕೂ ಹೆಚ್ಚು ಮಕ್ಕಳು ಸತ್ತರು. ಹೆಚ್ಚಿನವು ತಲೆಗೆ ಬಿದ್ದ ಪೆಟ್ಟಿನಿಂದ. ಸತ್ತವರಲ್ಲಿ ಹೊಸದಾಗಿ ಸೇರಿದ, ಇನ್ನೂ ಸರಿಯಾಗಿ ಬೀಳಲು ಬಾರದ ಮಕ್ಕಳು ಬಹಳ. ಅದೇ ಚಾಪೆ, ಅದೇ ನಮಸ್ಕಾರ, ಅದೇ ತತ್ತ್ವಗಳು. ಶಿಸ್ತಿನ ಹೆಸರಲ್ಲಿ, ಗೆಲುವಿನ ಆತುರದಲ್ಲಿ ತೋಳು ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಕ್ರೂರ ಉದಾಹರಣೆ ಬೇಕಿಲ್ಲ.

ಹಾಗಾಗಿ ನನಗನ್ನಿಸೋದು ಇದು. ವಿದ್ಯೆ ಚಾರಿತ್ರ್ಯವನ್ನು ಹುಟ್ಟಿಸಲ್ಲ, ಆದರೆ ಅದನ್ನು ಪರೀಕ್ಷೆಗೆ ಒಡ್ಡುತ್ತೆ. ದಿನಕ್ಕೆ ಐವತ್ತು ಸಲ ನಿನಗಿಂತ ಬಲಹೀನನೊಬ್ಬ ನಿನ್ನ ಹಿಡಿತದಲ್ಲಿರ್ತಾನೆ. ಐವತ್ತು ಸಲವೂ ನೀನು ಏನು ಮಾಡ್ತೀಯ ಅಂತ ಗೊತ್ತಾಗುತ್ತೆ. ಅದನ್ನು ನೋಡಿಕೊಂಡು, ತಪ್ಪಿದಾಗ ತಡೆಯೋ ಗುರು ಇದ್ದರೆ ಅದು ಅಭ್ಯಾಸವಾಗಿ, ಅಭ್ಯಾಸ ಸ್ವಭಾವವಾಗುತ್ತೆ. ಗುರು ಕಣ್ಣು ಮುಚ್ಚಿಕೊಂಡರೆ ಕ್ರೌರ್ಯವೂ ಅಷ್ಟೇ ಚೆನ್ನಾಗಿ ಅಭ್ಯಾಸವಾಗುತ್ತೆ. ಗುರು ಬಾಯಲ್ಲಿ ಹೇಳೋದಕ್ಕಿಂತ, ಏನನ್ನು ನೋಡಿಯೂ ಸುಮ್ಮನಿರ್ತಾರೆ ಅನ್ನೋದೇ ಆ ಶಾಲೆಯ ನಿಜವಾದ ತತ್ತ್ವ.

ಈ ಮಾತು ಚಾಪೆಯ ಆಚೆಗೂ ನಿಲ್ಲುತ್ತೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಕೋಡ್ ರಿವ್ಯೂ ಅಂತ ಇರುತ್ತೆ. ಹೊಸ ಹುಡುಗಿಯೊಬ್ಬಳು ಬರೆದ ಕೋಡಿನಲ್ಲಿ ತಪ್ಪಿದ್ದರೆ ಹೇಳಲೇಬೇಕು, ಬೀಳಿಸಲೇಬೇಕು. ಆದರೆ ತೋಳು ಹಿಡಿದು ಬೀಳಿಸೋ ಸೀನಿಯರ್‌ಗಳೂ ಇದ್ದಾರೆ, ಎಲ್ಲರೆದುರು ತಲೆಕೆಳಗಾಗಿ ಕುಕ್ಕೋರೂ ಇದ್ದಾರೆ. ಇಬ್ಬರ ಜ್ಞಾನವೂ ಒಂದೇ ಇರಬಹುದು.

1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜೂಡೋ ಮೊದಲ ಸಲ ಸೇರಿತು. ತೂಕದ ಮಿತಿಯಿಲ್ಲದ ವಿಭಾಗದ ಫೈನಲ್‌ನಲ್ಲಿ ಹಾಲೆಂಡಿನ ದೈತ್ಯ ಆಂಟನ್ ಗೇಸಿಂಕ್, ಜಪಾನಿನ ಅಕಿಯೊ ಕಾಮಿನಾಗಾರನ್ನು ಅವರ ನೆಲದಲ್ಲೇ ಅದುಮಿ ಹಿಡಿದು ಸೋಲಿಸಿದರು. ಖುಷಿ ತಡೆಯದೆ ಹಾಲೆಂಡಿನ ಅಭಿಮಾನಿಗಳು ಚಾಪೆಯತ್ತ ನುಗ್ಗಿದರು. ಗೇಸಿಂಕ್ ಕೈಯೆತ್ತಿ ಅವರನ್ನು ಅಲ್ಲೇ ತಡೆದರು, ಆಮೇಲೆ ಎದುರಾಳಿಗೆ ಬಾಗಿ ನಮಸ್ಕರಿಸಿದರು. ಎಷ್ಟೋ ಜನ ಆ ಪಂದ್ಯವನ್ನು ನೆನೆಯೋದು ಎತ್ತಿದ ಆ ಕೈಗಾಗಿ.

ಮಕ್ಕಳನ್ನು ಇಂಥ ಕ್ಲಾಸಿಗೆ ಸೇರಿಸುವ ಮುಂಚೆ ಅಲ್ಲಿನ ಕಪ್ಪು ಬೆಲ್ಟುಗಳನ್ನೂ ಟ್ರೋಫಿಗಳನ್ನೂ ಎಣಿಸಬೇಡಿ. ಜೂಡೋದ ಕಪ್ಪು ಬೆಲ್ಟಿನ ಮೊದಲ ದರ್ಜೆಗೆ ಶೋದಾನ್ ಅಂತಾರೆ, ಹಾಗಂದರೆ ಮೊದಲ ಮೆಟ್ಟಿಲು ಅಂತಷ್ಟೇ. ಒಂದು ಸಂಜೆ ಗೋಡೆ ಪಕ್ಕ ಕೂತು ನೋಡಿ. ದೊಡ್ಡ ಹುಡುಗನೊಬ್ಬ ಚಿಕ್ಕವನನ್ನು ಎತ್ತಿ ಹಾಕಿದಾಗ ಮೇಷ್ಟ್ರ ಕಣ್ಣು ಯಾರ ಮೇಲಿದೆ? ಗೆದ್ದವನ ಮೇಲೋ, ಬಿದ್ದವನ ಮೇಲೋ? ಸೇರಿಸಬೇಕೋ ಬೇಡವೋ ಅನ್ನೋದು ಅಲ್ಲೇ ಗೊತ್ತಾಗುತ್ತೆ.