ಇಂದಿನ ಧಮ್ಮ ಚಿಂತನೆ: ಲಿವರ್ ಮೇಲಿತ್ತು, ಕಿಡಿ ಎಲ್ಲಿತ್ತು?

ಧಮ್ಮ ಬಂಧುಗಳೇ, ಈ ವಾರ ನಮ್ಮ ಓದು ಸಮ್ಮಾ ದಿಟ್ಠಿ, ಅಂದರೆ ಸಮ್ಯಕ್ ದೃಷ್ಟಿ. ಬರೆಯುವ ಸರದಿ ನನ್ನದು. ನಾನು ಪಂಡಿತನಲ್ಲ, ಗ್ಯಾರೇಜಿನವನು. ಪಾಳಿ ಭಾಷೆ ನನಗೆ ಬರುವುದು ತಿಸರಣ, ಪಂಚಶೀಲದಷ್ಟೇ. ಆದ್ದರಿಂದ ಗೊತ್ತಿರುವ ಕಡೆಯಿಂದಲೇ ಶುರು ಮಾಡುತ್ತೇನೆ. ಸ್ವಲ್ಪ ಗ್ರೀಸ್ ಅಂಟಿದರೆ ಕ್ಷಮಿಸಿ.

ಫೋರ್ಡ್ ಮಾಡೆಲ್ ಎ ಎಂಬ ಹಳೆಯ ಕಾರು 1927ರ ಕೊನೆಯಿಂದ 1931ರವರೆಗೆ ತಯಾರಾಯಿತು. ಈಗಿನ ಗಾಡಿಗಳಲ್ಲಿ ಪ್ಲಗ್ಗಿನ ಕಿಡಿ ಯಾವಾಗ ಹಾರಬೇಕೆಂದು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಆ ಕಾರಿನಲ್ಲಿ ಓಡಿಸುವವನೇ ನೋಡಿಕೊಳ್ಳಬೇಕು. ಸ್ಟೀರಿಂಗ್ ಕೆಳಗೆ ಎರಡು ಸಣ್ಣ ಲಿವರ್ ಇವೆ, ಒಂದು ಆಕ್ಸಿಲರೇಟರಿಗೆ, ಇನ್ನೊಂದು ಕಿಡಿಗೆ. ಕಿಡಿಯ ಲಿವರ್ ಪೂರ್ತಿ ಮೇಲಿದ್ದರೆ ಕಿಡಿ ತಡವಾಗಿ ಹಾರುತ್ತದೆ, ಕೆಳಕ್ಕೆ ಎಳೆದಷ್ಟೂ ಬೇಗ. ಲಿವರಿನಿಂದ ಒಂದು ಸರಳು ಕೆಳಗಿಳಿಯುತ್ತದೆ, ಅದಕ್ಕೆ ಇನ್ನೊಂದು ಸರಳು ಸೇರಿ ಇಂಜಿನ್ ಮೇಲಿರುವ ಡಿಸ್ಟ್ರಿಬ್ಯೂಟರಿನ ತೋಳನ್ನು ಹಿಡಿಯುತ್ತದೆ.

ಸ್ಟಾರ್ಟ್ ಮಾಡುವಾಗ ಇಂಜಿನ್ ನಿಧಾನವಾಗಿ ತಿರುಗುತ್ತಿರುತ್ತದೆ. ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿದರೆ ಉರಿಯು ಅದನ್ನು ಬಂದ ದಾರಿಗೇ ತಳ್ಳುತ್ತದೆ. ವೇಗದಲ್ಲಿ ಇದು ಉಲ್ಟಾ. ಉರಿ ಹರಡಲು ಸಮಯ ಬೇಕಾದ್ದರಿಂದ ಕಿಡಿ ಮೊದಲೇ ಹಾರಬೇಕು, ತಡವಾದರೆ ಎಳೆಯುವ ಶಕ್ತಿ ಇಲ್ಲ, ರೇಡಿಯೇಟರ್ ಕುದಿಯುತ್ತದೆ. ಒಟ್ಟಿನಲ್ಲಿ ಒಳ್ಳೆಯ ಘಳಿಗೆ ಎಂಬುದು ಆ ಕಾರಿಗೂ ಉಂಟು. ಆದರೆ ಅದು ವೇಗ, ಭಾರ, ರಸ್ತೆಯ ಏರು ನೋಡಿಕೊಂಡು ಬದಲಾಗುತ್ತದೆ. ಹಿಂದಿನ ವರ್ಷವೇ ಅಚ್ಚು ಹಾಕಿಸಿ ಗೋಡೆಗೆ ನೇತುಹಾಕಲು ಬರುವುದಿಲ್ಲ.

ಸುಮಾರು ಮೂವತ್ತು ವರ್ಷದ ಹಿಂದೆ ಅಂಥದೊಂದು ಕಾರು ನನ್ನ ಕೈಗೆ ಬಂತು. ಶುಕ್ರವಾರ. ಮಾಲೀಕರು ಬೆಳಿಗ್ಗೆಯೇ ಬಂದು ನಿಂತು, "ಹತ್ತೂವರೆಗೆ ರಾಹುಕಾಲ ಶುರುವಾಗುತ್ತಪ್ಪಾ, ಅಷ್ಟರೊಳಗೆ ಒಂದ್ಸಲ ಸ್ಟಾರ್ಟ್ ಮಾಡ್ಬಿಡು" ಎಂದರು. ಬ್ಯಾಟರಿ ವೀಕಾಗಿತ್ತು, ಹ್ಯಾಂಡಲ್ ಹೊಡೆಯಬೇಕು. ಕಿಡಿಯ ಲಿವರ್ ನೋಡಿದೆ, ಪೂರ್ತಿ ಮೇಲಿತ್ತು. ಸರಿ ಎಂದುಕೊಂಡು ಹ್ಯಾಂಡಲ್ ಹಾಕಿ ಎಳೆದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಡಬೇಕು, ಸುತ್ತಿ ಹಿಡಿಯಬಾರದು ಎಂದು ಉಸ್ತಾದ್ ಕಲಿಸಿದ್ದರು. ಅವಸರದಲ್ಲಿ ಅದೂ ಮರೆಯಿತು. ಹ್ಯಾಂಡಲ್ ಹಿಂದಕ್ಕೆ ಒದೆಯಿತು. ಮಣಿಕಟ್ಟು ಮುರಿಯಿತು. ರಾಹುಕಾಲಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು!

ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ಉಸ್ತಾದ್ ಬಾನೆಟ್ ಎತ್ತಿ ತೋರಿಸಿದರು. ಸರಳಿನ ಕೀಲು ಸವೆದಿತ್ತು, ಹಿಂದೆ ಯಾರೋ ತಂತಿ ಸುತ್ತಿ ಕೆಲಸ ನಡೆಸಿದ್ದರು. ಮೇಲೆ ಲಿವರ್ ಪೂರ್ತಿ ಏರಿದರೂ ಕೆಳಗೆ ಡಿಸ್ಟ್ರಿಬ್ಯೂಟರಿನ ತೋಳು ಕೊನೆ ಮುಟ್ಟುತ್ತಿರಲಿಲ್ಲ. "ನೀನು ಲಿವರ್ ನೋಡಿದೆ. ಕಿಡಿ ಹಾರೋದು ಅಲ್ಲಲ್ಲ ಕಣೋ" ಎಂದರು.

ಆಮೇಲೆ ಅದನ್ನು ಸರಿಮಾಡಿದ ಕ್ರಮ ಹೇಳುತ್ತೇನೆ. ಸ್ವಿಚ್ ಆಫ್. ಇಂಜಿನ್ ಮುಂದೆ ಒಂದು ಟೈಮಿಂಗ್ ಪಿನ್ ಇದೆ. ಅದನ್ನು ಬಿಚ್ಚಿ, ತಿರುಗಿಸಿ, ಅದೇ ತೂತಿಗೆ ಇಟ್ಟು ಒತ್ತಿಕೊಂಡು ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಬೇಕು. ಒಳಗಿನ ಗೇರಿನಲ್ಲಿ ಸಣ್ಣ ಗುಳಿ ಇದೆ, ಪಿನ್ ಅದರಲ್ಲಿ ಟಕ್ ಎಂದು ಕೂತರೆ ಒಂದನೇ ಸಿಲಿಂಡರ್ ತುದಿಗೆ ಬಂತು ಎಂದು ಲೆಕ್ಕ. ಬಳಿಕ ಲಿವರ್ ಪೂರ್ತಿ ಮೇಲೆ. ಆಗ ಕೆಳಗಿನ ತೋಳೂ ತನ್ನ ಕೊನೆಗೆ ತಾಗಿರಬೇಕು. ತಾಗದಿದ್ದರೆ ಕೀಲು ಬದಲಿಸಿ, ಸರಳನ್ನು ಚೂರೇ ಚೂರು ಬಗ್ಗಿಸಿ ಅಳತೆಗೆ ತರಬೇಕು. ಪಾಯಿಂಟ್ ಸಂದು ಸುಮಾರು ಅರ್ಧ ಮಿಲಿಮೀಟರ್. ಕೊನೆಗೆ ಕ್ಯಾಮ್ ಸಡಿಲಿಸಿ, ರೋಟರ್ ಒಂದನೇ ಸಿಲಿಂಡರಿನ ಕಡೆ ಮುಖ ಮಾಡಿ ಪಾಯಿಂಟ್ ಈಗಷ್ಟೇ ಬಿಡುವ ಜಾಗಕ್ಕೆ ತಂದು ಬಿಗಿ ಮಾಡುವುದು. ಸಿಗರೇಟು ಪ್ಯಾಕಿನ ತೆಳು ಹಾಳೆ ಪಾಯಿಂಟಿನ ನಡುವೆ ಇಟ್ಟು ಎಳೆದರೆ, ಬಿಡುವ ಕ್ಷಣ ಬೆರಳಿಗೇ ಗೊತ್ತಾಗುತ್ತದೆ. ಬಂದು ನೋಡು ಎನ್ನುವ ಧಮ್ಮ ನಮ್ಮದು, ಏಹಿಪಸ್ಸಿಕೋ. ನನಗೆ ಆ ಪದ ಅರ್ಥವಾದದ್ದು ಆ ಹಾಳೆಯ ತುಂಡಿನಲ್ಲಿ.

ಇಷ್ಟೂ ಹೇಳಿದ್ದು ಬೇರೊಂದು ವಿಷಯ ಒಪ್ಪಿಕೊಳ್ಳಲಿಕ್ಕೆ.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳನ್ನು ನಾನೂ ಕೈಜೋಡಿಸಿ ನಿಂತು ಹೇಳಿದವನು. ಮನೆಯಲ್ಲಿ ಪಂಚಾಂಗ ಇಲ್ಲ. ಸಭೆಯಲ್ಲಿ ಮುಹೂರ್ತದ ವಿರುದ್ಧ ಮಾತಾಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಹೋದ ವರ್ಷ ಮಗಳ ಮದುವೆ ಗೊತ್ತಾಯಿತು. ಗಂಡಿನವರೂ ಬೌದ್ಧರೇ. "ಭಾನುವಾರ ಸಂಜೆ ಐದಕ್ಕೆ ಇಟ್ಕೊಳ್ಳೋಣ ಬೀಗರೇ, ಕೂಲಿಗೆ ಹೋಗೋರೂ ಬರಬಹುದು" ಎಂದರು. ನಾನು ತಲೆಯಾಡಿಸಿ ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ನಮ್ಮ ಅಕ್ಕನ ಗಂಡ ಮದುವೆಯಾದ ವರ್ಷವೇ ತೀರಿಕೊಂಡಿದ್ದರು. ಘಳಿಗೆ ಸರಿಯಿರಲಿಲ್ಲ ಎಂದು ಊರೆಲ್ಲ ಅಕ್ಕನ ಮುಖಕ್ಕೇ ಅಂದಿತ್ತು. ಭಾವನಿಗೆ ಇದ್ದದ್ದು ಟಿ.ಬಿ. ಅದು ನನಗೆ ಗೊತ್ತು. ಗೊತ್ತಿದ್ದೂ ಹೆದರಿಕೆ ಕುಳಿತಲ್ಲೇ ಕುಳಿತಿತ್ತು.

ಬೆಳಿಗ್ಗೆ ಎದ್ದು, "ಭಾನುವಾರ ಸಂಜೆ ಭವನ ಖಾಲಿ ಇಲ್ಲವಂತೆ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಾಡೋಣ" ಎಂದೆ. ಮುಸಾವಾದಾ ವೇರಮಣಿ ಎಂದು ದಿನಾ ಹೇಳುವ ಬಾಯಿಂದಲೇ ಎಂದೆ.

ಜಾತಕ ಕಥೆಗಳಲ್ಲಿ ನಕ್ಖತ್ತ ಜಾತಕ ಎಂದೊಂದಿದೆ. ಮದುವೆಯ ದಿನ ಗೊತ್ತುಮಾಡಿದ ಮೇಲೆ ಗಂಡಿನವರು ತಮ್ಮ ಮನೆಗೆ ಬರುತ್ತಿದ್ದ ಆಜೀವಕನನ್ನು ನಕ್ಷತ್ರ ಹೇಗಿದೆ ಎಂದು ಕೇಳುತ್ತಾರೆ. ಮೊದಲೇ ತನ್ನನ್ನು ಕೇಳಲಿಲ್ಲವೆಂಬ ಸಿಟ್ಟಿಗೆ ಅವನು ಇವತ್ತು ಚೆನ್ನಾಗಿಲ್ಲ ಎಂದುಬಿಡುತ್ತಾನೆ. ಇವರು ಹೋಗುವುದಿಲ್ಲ. ಹೆಣ್ಣಿನವರು ಕಾದು, ಅದೇ ದಿನ ಮಗಳನ್ನು ಇನ್ನೊಬ್ಬನಿಗೆ ಕೊಟ್ಟು ಮುಗಿಸುತ್ತಾರೆ. ಇದನ್ನು ನಮ್ಮ ಬಳಗದಲ್ಲಿ ಓದಿ ಹೇಳಿದವನೇ ನಾನು. ಎಲ್ಲರೂ ನಕ್ಕಿದ್ದೆವು.

ಮಗಳು ಎರಡು ದಿನ ಸುಮ್ಮನಿದ್ದಳು. ಮೂರನೇ ದಿನ ಟೀ ತಂದಿಟ್ಟು, "ಅಪ್ಪಾ, ಭವನದವರಿಗೆ ನಾನೇ ಫೋನ್ ಮಾಡಿದ್ದೆ. ಭಾನುವಾರ ಖಾಲಿ ಇದೆಯಂತೆ" ಎಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ಜೋರು ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ.

ಹೆಂಡತಿಯನ್ನು ಕರೆದು ಇಬ್ಬರ ಮುಂದೆಯೂ ಇದ್ದದ್ದನ್ನು ಹೇಳಿದೆ. ಬೀಗರಿಗೂ ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವರು, "ನಮ್ಮ ಮನೆಯವರೂ ಅದನ್ನೇ ಕೇಳಿದ್ರು ಬೀಗರೇ, ನಾನು ಹೇಳಲಿಲ್ಲ ಅಷ್ಟೇ" ಎಂದರು.

ಭಾನುವಾರ ಐದಕ್ಕೇ ಮದುವೆಯಾಯಿತು. ಬುದ್ಧರ, ಬಾಬಾಸಾಹೇಬರ ಭಾವಚಿತ್ರಗಳ ಮುಂದೆ ಮೇಣದ ಬತ್ತಿ ಹಚ್ಚಿ, ತಿಸರಣ ಹೇಳಿ, ಹಾರ ಬದಲಿಸಿದರು. ಗಾರೆ ಕೆಲಸ ಮುಗಿಸಿ ಹಾಗೇ ಬಂದವರು ಹಿಂದಿನ ಸಾಲಿನಲ್ಲಿ ತುಂಬಿದ್ದರು. ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ಗಡಿಯಾರ ನೋಡಬಾರದು ಅಂದುಕೊಂಡೇ ಇದ್ದೆ. ಐದು ಹತ್ತಕ್ಕೆ ಒಂದು ಸಲ ನೋಡಿದೆ, ಆರು ದಾಟಿದ ಮೇಲೆ ಇನ್ನೊಂದು ಸಲ ನೋಡಿದೆ.

ನಮೋ ಬುದ್ಧಾಯ. ಜೈ ಭೀಮ್.