ಬಾಣಂತಿಯ ಮೌನ

ಬಾಣಂತಿಯನ್ನು ನೋಡಲು ಹೋದಾಗ ನಾವು ಕೇಳುವ ಮೊದಲ ಪ್ರಶ್ನೆ ಮಗು ಗಂಡೋ ಹೆಣ್ಣೋ ಎಂಬುದು. ಎರಡನೆಯದು ಸಹಜ ಹೆರಿಗೆಯೋ ಸಿಸೇರಿಯನ್ನೋ ಎಂಬುದು. ಸಿಸೇರಿಯನ್ ಎಂದೊಡನೆ 'ಏಕೆ?' ಎಂದು ಮತ್ತೆ ಕೇಳುತ್ತೇವೆ. ಪ್ರೀತಿಯಿಂದಲೇ ಕೇಳುತ್ತೇವೆ, ನಿಜ. ಆದರೆ ಆ ತಾಯಿ ಎಚ್.ಐ.ವಿ. ಸೋಂಕಿನೊಡನೆ ಬದುಕುತ್ತಿರುವವಳಾದರೆ? ಅವಳು ಉತ್ತರಿಸದೆ ಸುಮ್ಮನಾದರೆ ಅದು ಸುಳ್ಳೆನಿಸುವುದೇ? ತಿಳಿಯುವ ಹಕ್ಕು ನಮಗುಂಟೇ?

ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆ ಮಾಡಬೇಕೆಂದು ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮವು ಹೇಳುವುದಿಲ್ಲ. ಹೆರಿಗೆಯಲ್ಲಿ ತೊಡಕಿದ್ದರೆ ಎಲ್ಲ ತಾಯಂದಿರಂತೆ ಅವಳಿಗೂ ಮಾಡುತ್ತಾರೆ. ಚಿಕಿತ್ಸೆಯೇ ಇಲ್ಲದಿದ್ದರೆ 100 ಶಿಶುಗಳಲ್ಲಿ 15ರಿಂದ 45ಕ್ಕೆ ಸೋಂಕು ತಗಲಬಹುದು. ತಾಯಿ ಗುಳಿಗೆಗಳನ್ನು ತಪ್ಪದೆ ಸೇವಿಸಿದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಮಗುವಿನ ಮಾತಾಯಿತು. ತಾಯಿಯ ಗಾಯವನ್ನು ಮಾತ್ರ ನಾವು ಮರೆಯುತ್ತೇವೆ. ರೋಗನಿರೋಧಕ ಶಕ್ತಿ ಕುಂದಿದ್ದರೆ ಹೊಲಿಗೆಯಲ್ಲಿ ಕೀವು, ಗರ್ಭಕೋಶದ ಸೋಂಕು, ಜ್ವರ, ರಕ್ತಹೀನತೆ ಇತರರಿಗಿಂತ ಅವಳನ್ನು ಹೆಚ್ಚಾಗಿ ಕಾಡುತ್ತವೆ. ಜ್ವರ ಬಂದ ದಿನವೇ, ಸ್ರಾವ ದುರ್ವಾಸನೆಯಾದ ದಿನವೇ ಆಸ್ಪತ್ರೆ ಸೇರಬೇಕು. ಜೊತೆಗೆ ಬಂದವರು ಎಲ್ಲಿ ಚೀಟಿ ಓದಿಬಿಡುವರೋ ಎಂಬ ಅಂಜಿಕೆಯಿಂದ ಅವಳು ಎರಡು ದಿನ ತಡೆದರೆ, ಆ ಎರಡು ದಿನಗಳಲ್ಲಿ ನಮ್ಮ ಪಾಲಿಲ್ಲವೇ?

ಕೋಲಾರ ಚಿನ್ನದ ಗಣಿ ಪ್ರದೇಶವನ್ನು ಬಲ್ಲವರಿಗೆ ಈ ಅಂಜಿಕೆ ಅರ್ಥವಾದೀತು. ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಗೋಡೆಗೆ ಗೋಡೆ ತಾಗಿದೆ. ಪಕ್ಕದವರ ಕೆಮ್ಮೂ ಕೇಳಿಸುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಸಂಬಳದೊಂದಿಗೆ ಕಂಪನಿಯ ಆಸ್ಪತ್ರೆಯ ಆಸರೆಯೂ ಹೋಯಿತು. ಉಳಿದದ್ದು ನೆರೆಯವರು. ನೆರೆಯವರಿಗೇ ಅಂಜುವಂತಾದರೆ ಅವಳು ಎಲ್ಲಿಗೆ ಹೋಗಬೇಕು?

'ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ರಕ್ತಸ್ರಾವದ ಹೆಂಗಸು ಜನರ ಮುಂದೆಯೇ ನಿಜ ನುಡಿದಳಲ್ಲ' ಎಂದು ನೀವು ಕೇಳಬಹುದು. ಪ್ರಭು ಕೇಳಿದ್ದು ತನ್ನನ್ನು ಮುಟ್ಟಿದವರಾರೆಂದು ಮಾತ್ರ. ರೋಗದ ಹೆಸರನ್ನು ಕೇಳಲಿಲ್ಲ. ಅವಳು ಹೇಳುವ ಹೊತ್ತಿಗೆ ಗುಣ ಹೊಂದಿದ್ದಳು, ಹೇಳಿದ್ದೂ ಅವನಿಗೆ. ಅವನು ಅವಳನ್ನು ಮಗಳೇ ಎಂದು ಕರೆದನು. ನಾವು ಹಾಗೆ ಕರೆಯುವೆವೆಂಬ ಭರವಸೆ ಅವಳಿಗಿದೆಯೇ? ಪತಿಗೆ ತಿಳಿಸುವ ವಿಷಯ ಬೇರೆ; ಅಲ್ಲಿ ಮತ್ತೊಂದು ಜೀವದ ಪ್ರಶ್ನೆಯುಂಟು, ಅದಕ್ಕೆ ಆಪ್ತಸಲಹೆಗಾರರಿದ್ದಾರೆ. ನೆರೆಯವರಾದ ನಮಗೆ ಆ ಹಕ್ಕಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಕಾಯಿದೆಯೂ ಒಪ್ಪಿಗೆಯಿಲ್ಲದೆ ಒಬ್ಬರ ಸ್ಥಿತಿಯನ್ನು ಬಯಲು ಮಾಡುವುದನ್ನು ನಿಷೇಧಿಸಿದೆ.

ಮುಂದಿನ ಸಲ ಬಾಣಂತಿಯ ಮನೆಗೆ ಹೋದಾಗ ಗಂಜಿ ಒಯ್ಯಿರಿ, ನೀರು ಸೇದಿಕೊಡಿರಿ. ಅವಳು ಭಾರ ಎತ್ತಬಾರದಲ್ಲವೇ? ಜ್ವರವೆಂದರೆ ಬಂಗಾರಪೇಟೆಯ ಆಸ್ಪತ್ರೆಗೆ ಜೊತೆಯಾಗಿ ಹೋಗಿರಿ. ವೈದ್ಯರು ಕರೆದಾಗ ಅವಳೊಬ್ಬಳೇ ಒಳಗೆ ಹೋಗಲಿ. ನೀವು ಹೊರಗಿನ ಬೆಂಚಿನಲ್ಲಿ ಮಗುವನ್ನು ಎತ್ತಿಕೊಂಡು ಕುಳಿತಿರಿ.